ಮೇಲೆ ಅಂದರೆ ಯಾವ ಕಡೆ

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಘಟ್ಟದ ಕೆಳಗಿನ ನೆಂಟರಿಗೆ ಹೀಗೆಂದರೆ, ಕಥೆ ಬರೆಯುತ್ತೀರಾ ಎಂದು ಕೇಳುತ್ತಾರೆ. ನಾನು ಬರೆಯುವುದು ಹಾಜರಿ. ಯಾರು ಬಂದರು, ತೋಟದ ಯಾವ ಬ್ಲಾಕಿಗೆ ಹೋದರು, ಎಷ್ಟು ಚೀಲ ಹಣ್ಣು ಬಂತು. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಕಂಡದ್ದನ್ನು ಕಂಡಷ್ಟೇ ಬರೆಯುವುದು ಅಭ್ಯಾಸವಾಗಿದೆ. ಇಲ್ಲೂ ಹಾಗೇ ಬರೆಯಲು ನೋಡುತ್ತೇನೆ.

ನಮ್ಮ ತೋಟಕ್ಕೆ ಆನೆ ಬರುವುದು ಈಗ ಸುದ್ದಿಯೇ ಅಲ್ಲ. ಕೊಯ್ಲಿನ ಕಾಲದಲ್ಲಿ ದಿನಾ ಬೆಳಿಗ್ಗೆ ಹದಿನೇಳು ಹೆಂಗಸರು ಹಣ್ಣು ಕೊಯ್ಯಲು ಹೊರಡುತ್ತಾರೆ, ಅವರ ಮುಂದೆ ಮೇಸ್ತ್ರಿ ನಡೆಯುತ್ತಾರೆ. ಇವತ್ತು ಯಾವ ಕಡೆ ಹೋಗಬಾರದು ಎನ್ನುವುದು ಹೊರಡುವ ಮೊದಲು ಗೊತ್ತಾಗಬೇಕು. ಗೊತ್ತಾಗದಿದ್ದರೆ ಏನಾಗಬಹುದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಳಗಿನ ಹೊತ್ತು ನಮ್ಮ ಹೆಂಗಸರು ಆನೆ ಎಂಬ ಪದವನ್ನೂ ಆಡುವುದಿಲ್ಲ. 'ದೊಡ್ಡವ್ರು' ಅನ್ನುತ್ತಾರೆ. ತೋಟದ ಸಾಹುಕಾರರಿಗೂ ಅದೇ ಹೆಸರು. ಒಮ್ಮೆ ಸಾಹುಕಾರರ ಜೀಪು ಬಂದಾಗ ಒಬ್ಬಳು 'ದೊಡ್ಡವ್ರು ಬಂದ್ರು' ಅಂದದ್ದಕ್ಕೆ ಅರ್ಧ ಜನ ಬುಟ್ಟಿ ಬಿಸಾಕಿ ಓಡಿದ್ದರು. ಆ ದಿನ ಸಾಹುಕಾರರೂ ನಕ್ಕಿದ್ದರು.

ಎರಡು ವರ್ಷದ ಹಿಂದೆ, ಸಾಹುಕಾರರ ಮನೆಯವರು ಬೇಡವೆಂದು ಕೊಟ್ಟ ಲ್ಯಾಪ್‌ಟಾಪಿನಲ್ಲಿ ನಾನು ಪ್ರೋಗ್ರಾಮಿಂಗ್ ಕಲಿಯಲು ಕೂತೆ. ಭಾನುವಾರದ ಮಧ್ಯಾಹ್ನಗಳಲ್ಲಿ ವಿಡಿಯೋ ನೋಡಿ, ತಪ್ಪು ಮಾಡಿ, ಅಳಿಸಿ ಕಲಿತೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಸುತ್ತಲಿನ ಐದಾರು ತೋಟದ ಕಾವಲಿನವರು ಆನೆ ಕಂಡಾಗ ನನಗೆ ಫೋನ್ ಮಾಡುತ್ತಿದ್ದರು. ನಾನು ಮತ್ತೆ ಹತ್ತು ಜನರಿಗೆ ಫೋನ್ ಮಾಡಬೇಕಿತ್ತು. ಅದರ ಬದಲು ಒಂದು ಕಡೆ ಬರೆದರೆ ಎಲ್ಲರ ಫೋನಿನಲ್ಲೂ ಕಾಣಲಿ ಎಂದು ಒಂದು ಪುಟ ಮಾಡಿದೆ. ಬಿಳಿ ಪುಟ, ಕಪ್ಪು ಅಕ್ಷರ. ಯಾವ ಬ್ಲಾಕು, ಎಷ್ಟು ಆನೆ, ಎಷ್ಟು ಗಂಟೆಗೆ ಕಂಡದ್ದು. 'ಹಳ್ಳದ ಬ್ಲಾಕು. ಒಂದು. ಬೆಳಿಗ್ಗೆ ಆರು ನಲವತ್ತು.' ಇಷ್ಟೇ.

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಅವರಿಗೆ ಬಾಯಿ ಮುಚ್ಚಿಕೊಂಡು ಓದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಕಾಫಿ ಕಣದಲ್ಲಿ ನಿಂತು, ಫೋನನ್ನು ಕೈಯುದ್ದ ದೂರ ಹಿಡಿದು, ಗಟ್ಟಿಯಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. 'ಹ...ಳ್ಳ...ದ ಬ್ಲಾಕು.' ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾ ಕೇಳುತ್ತಿದ್ದರು. ಹಾಜರಿ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತ ನನಗೆ ಅವರನ್ನು ನೋಡಿ ಪಾಪ ಅನಿಸುತ್ತಿತ್ತು. ಇಷ್ಟು ವಯಸ್ಸಾದವರು ಎಲ್ಲರೆದುರು ಹೀಗೆ ತಡವರಿಸುವ ಹಾಗೆ ಮಾಡಿಬಿಟ್ಟೆನಲ್ಲ ಎಂದುಕೊಳ್ಳುತ್ತಿದ್ದೆ. ಚಿತ್ರ ಇದ್ದರೆ ಓದುವ ಕಷ್ಟವೇ ಇರುವುದಿಲ್ಲ ಎಂಬ ಯೋಚನೆ ಆಗ ಬಂತು.

ಆ ಯೋಚನೆಯ ಜೊತೆಗೆ ಇನ್ನೊಂದೂ ಸೇರಿತ್ತು, ಅದನ್ನೂ ಹೇಳಬೇಕು. ಪಕ್ಕದ ಎಸ್ಟೇಟಿನ ರೈಟರ್ ನನ್ನ ಗೆಳೆಯ. ಸಂತೆಯ ದಿನ ಚಹಾದ ಅಂಗಡಿಯಲ್ಲಿ ಅವನಿಗೆ ಪುಟ ತೋರಿಸಿದೆ. ಅವನು ಮೇಲಿಂದ ಕೆಳಗೆ ಬೆರಳಾಡಿಸಿ ನೋಡಿದ.

"ಎಂಥ ಮಾರಾಯ ಇದು, ಕರೆಂಟ್ ಬಿಲ್ಲಾ?"

"ಕೆಲ್ಸ ಮಾಡುತ್ತಲ್ಲ."

"ಮಾಡುತ್ತೆ. ಆದ್ರೆ ಇದು ಜನಕ್ಕೆ ಸುದ್ದಿ ಕೊಟ್ಟ ಹಾಗಿಲ್ಲ, ಆನೆಗೆ ನೋಟಿಸ್ ಕೊಟ್ಟ ಹಾಗಿದೆ."

ಅಂಗಡಿಯವನೂ ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಪುಟವನ್ನು ಮತ್ತೆ ತೆರೆದಾಗ ಅದು ನಿಜವಾಗಿಯೂ ಕರೆಂಟ್ ಬಿಲ್ಲಿನ ಹಾಗೇ ಕಂಡಿತು.

ಆಮೇಲಿನ ಮೂರು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ತೋಟದ ನಕ್ಷೆಯನ್ನು ನಾನೇ ಬರೆದೆ. ಹಸಿರಿನಲ್ಲಿ ಎಷ್ಟು ಬಗೆಯ ಹಸಿರಿದೆ ಎಂದು ತಿಳಿಯಲು ರೊಬಸ್ಟಾ ಕಾಫಿಯ ಎಲೆಯನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಂಡು ಬಣ್ಣ ಹೊಂದಿಸಿದೆ. ಸೊಂಡಿಲು ಸ್ವಲ್ಪ ಎತ್ತಿದ ಒಂದು ಪುಟ್ಟ ಆನೆ ಬರೆದೆ. ಸುದ್ದಿ ಹೊಸದಾಗಿದ್ದರೆ ಆನೆಯ ಸುತ್ತ ನೀರಿನ ಅಲೆಯಂತೆ ಒಂದು ಬಳೆ ಹರಡಿ ಮಾಯವಾಗುತ್ತಿತ್ತು. ಆ ಬಳೆ ಸರಿಯಾಗಿ ಹರಡುವುದಕ್ಕೇ ನಾಲ್ಕು ಭಾನುವಾರ ಹೋದವು. ಮೊದಲು ಹಳ್ಳವನ್ನು ಗಾಢ ನೀಲಿಯಲ್ಲಿ ಬರೆದಿದ್ದೆ, ಕಣ್ಣಿಗೆ ಹೊಡೆಯುತ್ತದೆ ಎಂದು ತಿಳಿ ನೀಲಿ ಮಾಡಿದೆ. ಬ್ಲಾಕುಗಳ ಹೆಸರು ಚಿತ್ರದ ಮೇಲೆ ಗಿಜಿಗುಡುತ್ತಿದ್ದವು. ಅವನ್ನೆಲ್ಲ ಅಡಗಿಸಿ, ಬೆರಳಿನಿಂದ ಮುಟ್ಟಿದರೆ ಮಾತ್ರ ಹೆಸರು ಕಾಣುವ ಹಾಗೆ ಮಾಡಿದೆ. ಅಡಗಿಸಿದ ಕೂಡಲೇ ಪುಟ ಉಸಿರಾಡಿದಂತೆ ಕಂಡಿತು. ಆ ಕ್ಷಣ ನಾನು ಕುರ್ಚಿಯಿಂದ ಎದ್ದು ನಿಂತು ನೋಡಿದ್ದು ನೆನಪಿದೆ.

ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಶುರುವಾದ ವಾರ, ಹೊಸದನ್ನು ಎಲ್ಲರ ಫೋನಿಗೂ ಕಳಿಸಿದೆ. ಮೊದಲ ಎರಡು ದಿನ ಆನೆ ಬರಲಿಲ್ಲ. ಗೆಳೆಯ ಮಾತ್ರ ಫೋನ್ ಮಾಡಿ, "ಈಗ ಆನೆ ಬಂದ್ರೂ ಬೇಜಾರಿಲ್ಲ ಮಾರಾಯ, ನೋಡಕ್ಕಾದ್ರೂ ಚಂದ" ಅಂದ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಹಳ್ಳದ ಆಚೆಯ ಕಾವಲಿನವನ ಫೋನ್ ಬಂತು. ಒಂಟಿ ಸಲಗ ಹಳ್ಳ ದಾಟಿ ನಮ್ಮ ಕಡೆ ಹತ್ತಿದೆ ಅಂದ. ಹಳ್ಳದ ಬ್ಲಾಕಿನ ಮೇಲೆ ಆನೆಯನ್ನು ಇಟ್ಟೆ. ಬಳೆ ಹರಡತೊಡಗಿತು. ಏಳೂವರೆಗೆ ಕಣದಲ್ಲಿ ಹಾಜರಿ. ಮಂಜು ಇನ್ನೂ ಎದ್ದಿರಲಿಲ್ಲ, ಕಣದ ಆ ತುದಿಯಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ. ಮೇಸ್ತ್ರಿ ಫೋನ್ ತೆಗೆದು ನೋಡಿದರು. ನಾನು ಹೆಸರು ಬರೆಯುತ್ತಲೇ ಕೇಳಿದೆ.

"ನೋಡಿದ್ರಾ ಮೇಸ್ತ್ರಿ?"

"ನೋಡ್ದೆ ರೈಟ್ರೇ. ಚೆನ್ನಾಗಿದೆ."

ಚೆನ್ನಾಗಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಖುಷಿಯಾಯಿತು. ಅವರು ಏನು ನೋಡಿದರು ಎಂದು ನಾನು ಕೇಳಲಿಲ್ಲ. ಅವರು ಗಟ್ಟಿಯಾಗಿ ಓದಲಿಲ್ಲ, ಓದಲು ಅಲ್ಲಿ ಅಕ್ಷರವೇ ಇರಲಿಲ್ಲ. ಹೆಂಗಸರು ಅವರ ಹಿಂದೆ ಹೊರಟರು. ನಾನು ಸ್ಟೋರಿನ ಒಳಗೆ ಹೋಗಿ ಖಾಲಿ ಚೀಲ ಎಣಿಸತೊಡಗಿದೆ.

ಕೂಗು ಕೇಳಿದ್ದು ಕೆಳಗಿನಿಂದ. ಕೆಳಗೆ ಅವರು ಯಾಕೆ ಹೋದರು ಎಂದು ಯೋಚಿಸಲು ಹೊತ್ತಿರಲಿಲ್ಲ. ಓಡಿದೆ. ಹೆಂಗಸರು ಗಿಡಗಳ ನಡುವಿನಿಂದ ಮೇಲಕ್ಕೆ ಓಡಿ ಬರುತ್ತಿದ್ದರು. ಮೇಸ್ತ್ರಿ ಒಂದು ಸಿಲ್ವರ್ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ನನ್ನ ಎದೆಗೆ ಕೈ ಅಡ್ಡ ಹಿಡಿದು ತಡೆದರು. ಮೂವತ್ತು ಹೆಜ್ಜೆ ಕೆಳಗೆ ಆನೆ ನಿಂತಿತ್ತು. ಮಂಜಿನಲ್ಲಿ ಮೊದಲು ದಂತ ಕಂಡಿತು, ಆಮೇಲೆ ಉಳಿದದ್ದು. ಅದರ ಮುಂದೆ ತೊಟ್ಟಿಲು ಗುಂಡಿ. ಮಳೆನೀರು ಇಂಗಲೆಂದು ಕಾಫಿ ಸಾಲುಗಳ ನಡುವೆ ತೋಡುವ ಉದ್ದನೆಯ ಗುಂಡಿ ಅದು, ಮೊಣಕಾಲಿನಷ್ಟು ಆಳ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಅದರೊಳಗೆ ಬಿದ್ದಿದ್ದಳು. ತಲೆಗೆ ಕಟ್ಟಿದ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಆನೆ ಗುಂಡಿಯ ಅಂಚಿನಲ್ಲಿ ಬಿದ್ದಿದ್ದ ಅವಳ ಬುತ್ತಿಯ ಚೀಲವನ್ನು ಸೊಂಡಿಲಿನಿಂದ ಎತ್ತಿತು. ಅಲುಗಾಡಿಸಿತು. ಡಬ್ಬಿ ಕಲ್ಲಿಗೆ ಬಿದ್ದು ಸದ್ದಾಯಿತು. ಆ ಸದ್ದಿಗೆ ಅದು ಒಂದು ಹೆಜ್ಜೆ ಮುಂದೆ ಇಟ್ಟಿತು. ಕಾಲು ಗುಂಡಿಯ ಈಚೆಗೆ ಬಿತ್ತೋ ಆಚೆಗೆ ಬಿತ್ತೋ ನಾನು ನಿಂತಲ್ಲಿಂದ ಕಾಣಲಿಲ್ಲ. ನನ್ನ ಎದೆಯ ಮೇಲಿದ್ದ ಮೇಸ್ತ್ರಿಯ ಕೈ ಹಾಗೇ ಇತ್ತು. ಎಷ್ಟು ಹೊತ್ತು ಹೀಗಿತ್ತು ಎಂದು ಹೇಳಲಾರೆ. ಆಮೇಲೆ ಆನೆ ಚೀಲವನ್ನು ಬಿಟ್ಟು, ತಿರುಗಿ, ಗಿಡ ಮುರಿಯುತ್ತಾ ಹಳ್ಳದ ಕಡೆ ಇಳಿದು ಹೋಯಿತು.

ಅವಳ ಕಾಲಿನ ಗಂಟು ಮುರಿದಿತ್ತು. ಗುಂಡಿಗೆ ಬೀಳುವಾಗ ಮುರಿದದ್ದು, ಆನೆ ಮುಟ್ಟಿರಲಿಲ್ಲ. ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಸಂಜೆ ಸಾಹುಕಾರರು ಕಣಕ್ಕೆ ಬಂದು ಕೇಳಿದರು. "ಫೋನಲ್ಲಿ ಬಂದಿತ್ತು ಅಂತಾರೆ. ಹಾಗಿದ್ರೂ ಅದೇ ಬ್ಲಾಕಿಗೆ ಯಾಕೆ ಕರ್ಕೊಂಡು ಹೋದ್ರಿ?"

ಮೇಸ್ತ್ರಿ ತಲೆ ತಗ್ಗಿಸಿದರು. "ನಂದೇ ತಪ್ಪು. ನೋಡಿದ್ದು ಸರಿ ಆಗ್ಲಿಲ್ಲ."

ನಾನು ಪಕ್ಕದಲ್ಲೇ ಇದ್ದೆ. ಏನೂ ಹೇಳಲಿಲ್ಲ. ಯಾಕೆಂದರೆ ನನಗೂ ಹಾಗೇ ಅನಿಸಿತ್ತು. ಆನೆಯನ್ನು ನಾನು ಸರಿಯಾದ ಜಾಗದಲ್ಲೇ ಇಟ್ಟಿದ್ದೆ. ಅವರು ಸರಿಯಾಗಿ ನೋಡಲಿಲ್ಲ. ಆ ದಿನವೆಲ್ಲ ಈ ವಾಕ್ಯವನ್ನು ಹಿಡಿದುಕೊಂಡೇ ಕಳೆದೆ.

ಮರುದಿನ ಬೆಳಿಗ್ಗೆ ಹದಿನಾರು ಜನ ಕಣಕ್ಕೆ ಬಂದರು. ಹಾಜರಿ ಕೊಟ್ಟರು. ಮೇಸ್ತ್ರಿ "ಹೋಗೋಣ" ಎಂದು ನಡೆದರು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಹೆಂಗಸರು ನಿಂತಲ್ಲೇ ನಿಂತಿದ್ದರು. ಬೈಯಲಿಲ್ಲ, ಗಲಾಟೆ ಮಾಡಲಿಲ್ಲ. ಅವರಲ್ಲಿ ಮಾತಿಗೆ ಮುಂದಿರುವವಳೊಬ್ಬಳು ಸೀರೆಯ ಸೆರಗು ಸಿಕ್ಕಿಸಿಕೊಳ್ಳುತ್ತಾ, "ಬೇರೆ ಯಾರಾದ್ರೂ ಮುಂದೆ ಹೋಗ್ಲಿ" ಅಂದಳು. ಮೂವತ್ತು ವರ್ಷ ಮುಂದೆ ನಡೆದ ಮನುಷ್ಯ ಅಲ್ಲೇ ನಿಂತರು. ಮುಂದೆ ನಡೆಯುವುದೇ ಮೇಸ್ತ್ರಿಯ ಕೆಲಸ. ಹಿಂದೆ ಬರುವವರಿಲ್ಲದಿದ್ದರೆ ಅವರಿಗೆ ತೋಟದಲ್ಲಿ ಕೆಲಸ ಇಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವತ್ತು ಕೊಯ್ಲು ನಿಲ್ಲಿಸಿ ಹೆಂಗಸರಿಗೆ ಕಣದಲ್ಲೇ ಹಣ್ಣು ಹರಡುವ ಕೆಲಸ ಕೊಟ್ಟೆ. ಮೇಸ್ತ್ರಿಯನ್ನು ಸ್ಟೋರಿನ ಮೆಟ್ಟಿಲ ಮೇಲೆ ಕೂರಿಸಿ, ನಿನ್ನೆ ನೋಡಿದ ಹಾಗೇ ಇನ್ನೊಮ್ಮೆ ನೋಡಿ ತೋರಿಸಿ ಎಂದೆ. ಅವರು ಫೋನ್ ಹಿಡಿದು ಬೆರಳಿಟ್ಟರು.

"ಇದು ಮೇಲೆ. ಇದು ಕೆಳಗೆ. ಆನೆ ಮೇಲಿತ್ತು. ಅದಕ್ಕೇ ಕೆಳಗೆ ಕರ್ಕೊಂಡು ಹೋದೆ."

"ಅದು ಮೇಲಲ್ಲ ಮೇಸ್ತ್ರಿ. ಅಲ್ಲಿರೋದು ಹಳ್ಳ."

ಅವರು ನನ್ನ ಮುಖ ನೋಡಿದರು. "ಹಳ್ಳ ಗುಡ್ಡದ ತಲೆ ಮೇಲೆ ಹರಿಯುತ್ತಾ ರೈಟ್ರೇ?"

ಎಲ್ಲವೂ ಗೊತ್ತಾದದ್ದು ಆಗ. ನಮ್ಮ ತೋಟದಲ್ಲಿ ಗುಡ್ಡ ಇರುವುದು ದಕ್ಷಿಣಕ್ಕೆ, ಹಳ್ಳ ಉತ್ತರಕ್ಕೆ. ನಕ್ಷೆಯಲ್ಲಿ ಉತ್ತರ ಮೇಲಿರಬೇಕು ಎಂದು ಶಾಲೆಯಲ್ಲಿ ಕಲಿತದ್ದನ್ನು ನಾನು ಹಾಗೇ ಬರೆದೆ. ಹಾಗಾಗಿ ಫೋನಿನ ಮೇಲ್ಭಾಗದಲ್ಲಿ ಹಳ್ಳ, ಕೆಳಭಾಗದಲ್ಲಿ ಗುಡ್ಡ. ಆದರೆ ಈ ಬೆಟ್ಟಗಳಲ್ಲಿ ಉತ್ತರ ದಕ್ಷಿಣ ಎಂದು ಯಾರೂ ಮಾತಾಡುವುದಿಲ್ಲ. ಮೇಲಿನ ಗೇಟು, ಕೆಳಗಿನ ಕೂಲಿ ಲೈನು, ಮೇಲಿನ ರಸ್ತೆ, ಕೆಳಗಿನ ಕೆರೆ. ಏರಿದರೆ ಮೇಲೆ, ಇಳಿದರೆ ಕೆಳಗೆ. ನಾನೂ ದಿನಾ ಹಾಗೇ ಮಾತಾಡುವವನು. ನಕ್ಷೆ ಬರೆಯುವಾಗ ಮಾತ್ರ ಬೇರೆ ಯಾರೋ ಆಗಿದ್ದೆ.

"ಮತ್ತೆ ಈ ನೀಲಿ ಗೆರೆ?" ಎಂದು ಕೇಳಿದೆ.

"ಅದು ಮೇಲಿನ ರಸ್ತೆ ಅಂದ್ಕೊಂಡೆ. ಅಷ್ಟು ಮಂಕಾಗಿದೆ."

"ಮುಟ್ಟಿದ್ರೆ ಬ್ಲಾಕಿನ ಹೆಸ್ರು ಬರುತ್ತೆ ಅಂತ ಹೇಳಿದ್ನಲ್ಲ."

ಅವರು ತಮ್ಮ ಬೆರಳು ತೋರಿಸಿದರು. ಹಣ್ಣಿನ ಅಂಟು ಉಗುರಿನ ಸುತ್ತ ಕಪ್ಪಗೆ ಒಣಗಿತ್ತು, ತುದಿ ಚಳಿಗೆ ಒಡೆದಿತ್ತು. "ಇದ್ರಿಂದ ಮುಟ್ಟಿದ್ರೆ ಫೋನಿಗೆ ಗೊತ್ತೇ ಆಗಲ್ಲ" ಅಂದರು. ಕೋಪದಿಂದ ಅಲ್ಲ, ವಿಷಯ ಹೇಳುವ ಹಾಗೆ.

ನಾನು ಎದ್ದು ಕಣಕ್ಕೆ ಹೋದೆ. ಹೆಂಗಸರು ಉದ್ದ ಹಿಡಿಯ ಹಲಗೆಯಿಂದ ಹಣ್ಣು ಎಳೆದು ಹರಡುತ್ತಿದ್ದರು. ತಪ್ಪು ಮೇಸ್ತ್ರಿಯದಲ್ಲ, ನನ್ನದು, ಎಂದು ಹೇಳಿದೆ. ಹೇಗೆ ಎಂದು ಹೇಳುವಾಗ ಕಣದ ಮೇಲೆ ಕಡ್ಡಿಯಿಂದ ನಕ್ಷೆ ಗೀಚಿ ತೋರಿಸಬೇಕಾಯಿತು. ಅವರು ಹಲಗೆ ಊರಿಕೊಂಡು ನಿಂತು ನೋಡಿದರು.

"ಅಂದ್ರೆ ನೀವು ತೋಟನೇ ತಲೆಕೆಳಗು ಮಾಡಿದ್ರಾ?" ಎಂದು ಮಾತಿಗೆ ಮುಂದಿರುವವಳು ಕೇಳಿದಳು.

"ಹೌದು."

"ಆನೆಗೂ ಒಂದು ಫೋನ್ ಕೊಡ್ಬೇಕಿತ್ತು. ಅದೂ ನೋಡ್ಕೊಂಡು ಮೇಲೆ ಹೋಗ್ತಿತ್ತು."

ಇಬ್ಬರು ನಕ್ಕರು. ಉಳಿದವರು ನಗಲಿಲ್ಲ. ಸಂಜೆ ಸಾಹುಕಾರರಿಗೂ ಅದನ್ನೇ ಹೇಳಿದೆ. ಒಂದು ದಿನ ತಡವಾಗಿ ಹೇಳುತ್ತಿದ್ದೇನೆ ಎಂಬುದನ್ನೂ ಸೇರಿಸಿ ಹೇಳಿದೆ.

ಗೆಳೆಯನಿಗೆ ಸುದ್ದಿ ಮುಟ್ಟಿ ಅವನು ಸಮಾಧಾನ ಹೇಳಲು ಬಂದ. "ಕಾಫಿ ಬೀಜ ಪಾಲಿಶ್ ಮಾಡೋವಾಗ ಜಾಸ್ತಿ ಉಜ್ಜಿದ್ರೆ ಕಾಳು ಬಿಸಿಯಾಗಿ ರುಚಿ ಹೋಗುತ್ತಲ್ಲ ಮಾರಾಯ, ಹಾಗಾಗಿದೆ. ಹಳೇ ಬಿಲ್ಲೇ ಹಾಕ್ಬಿಡು." ನಾನು ತಲೆಯಾಡಿಸಿದೆ, ಆದರೆ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಳ್ಳಕ್ಕೆ ಗಾಢ ನೀಲಿ ಬಳಿದಿದ್ದರೆ ಮೇಸ್ತ್ರಿ ಅದನ್ನು ರಸ್ತೆ ಎನ್ನುತ್ತಿರಲಿಲ್ಲ. ಬಣ್ಣವೂ ಕೆಲಸ ಮಾಡುತ್ತದೆ. ನಾನು ಬಣ್ಣ ಆರಿಸಿದ್ದು ಮೂರು ತಿಂಗಳೂ ನನ್ನ ಮೇಜಿನ ಮೇಲಿಟ್ಟು ನೋಡಿ. ಮಂಜಿನಲ್ಲಿ, ಕೈಯುದ್ದ ದೂರ ಹಿಡಿದು ಒಂದು ಸಲವೂ ನೋಡಿರಲಿಲ್ಲ.

ಆದರೂ ಏನೋ ಒಂದು ಉಳಿದಿತ್ತು. ಅದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಗುಂಡಿಗೆ ಬಿದ್ದಿದ್ದವಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಳು. ನಾನು ಬಾಳೆಹಣ್ಣು ತೆಗೆದುಕೊಂಡು ಹೋಗಿ, ಅವಳಿಗೂ ಅದೇ ಮಾತು ಹೇಳಿ, ಕ್ಷಮಿಸಬೇಕು ಎಂದೆ. ಅವಳು ಕೈ ಚಾಚಿ, "ತೋರ್ಸಿ ನೋಡೋಣ, ಎಂಥದು ಅದು" ಅಂದಳು.

ಅವಳು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅವಳ ಹತ್ತಿರ ಫೋನ್ ಇಲ್ಲ, ಓದಲೂ ಬರುವುದಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇದು ನಗ್ತಾ ಇದೆಯಲ್ಲ ರೈಟ್ರೇ!"

ನಾನು ನೋಡಿದೆ. ಆನೆಯ ಬಾಯಿಯ ಗೆರೆ ಸ್ವಲ್ಪ ಮೇಲಕ್ಕೆ ಬಾಗಿತ್ತು. ಬರೆಯುವಾಗ ನನಗೆ ಗೊತ್ತಾಗಿರಲಿಲ್ಲ.

"ನಮ್ಮತ್ರ ಬಂದಿದ್ದು ನಗ್ತಿರ್ಲಿಲ್ಲ" ಎಂದು ಫೋನ್ ವಾಪಸು ಕೊಟ್ಟಳು. ಪ್ಲಾಸ್ಟರಿನ ಕಾಲನ್ನು ಸರಿ ಮಾಡಿಕೊಂಡು ಹೇಳಿದಳು. "ಮುಂಚೆ ಮೇಸ್ತ್ರಿ ಗಟ್ಟಿಯಾಗಿ ಓದೋರು. ಹಳ್ಳದ ಬ್ಲಾಕು ಅನ್ನೋರು. ನಾವು ಕೇಳ್ತಿದ್ವಿ. ಅವ್ರು ಆ ಕಡೆ ಕಾಲಿಟ್ಟಿದ್ರೆ ನಾವೇ ತಡೀತಿದ್ವಿ. ಮೊನ್ನೆ ಏನೂ ಓದ್ಲಿಲ್ಲ. ಏನೂ ಇಲ್ಲ ಅಂದ್ಕೊಂಡ್ವಿ."

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನು ಹಲವು ಸಲ ತಿರುಗಿಸಿ ನೋಡಿದೆ. ಆ ಪುಟ ಹತ್ತು ಫೋನುಗಳಿಗಾಗಿ ಎಂದು ನಾನು ತಿಳಿದಿದ್ದೆ. ಅದು ಹದಿನೇಳು ಜೊತೆ ಕಿವಿಗಳಿಗೆ ಹೋಗುತ್ತಿತ್ತು. ಮೇಸ್ತ್ರಿಯ ತಡವರಿಕೆಯೇ ಅದರ ಮುಖ್ಯ ಭಾಗವಾಗಿತ್ತು. ಅವರು ನಿಧಾನವಾಗಿ ಓದುತ್ತಿದ್ದುದರಿಂದ ಎಲ್ಲರಿಗೂ ಕೇಳುತ್ತಿತ್ತು, ತಪ್ಪಿದರೆ ತಿದ್ದಲು ಹದಿನೇಳು ಜನ ಇದ್ದರು. ನಾನು ಕಟ್ಟದೇ ಇದ್ದ ಆ ಭಾಗವನ್ನು ನಾನೇ ಕಿತ್ತು ಹಾಕಿದ್ದೆ, ಅದೂ ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು.

ಮೂರನೆಯ ಪುಟ ಮಾಡಲು ಒಂದು ವಾರ ಹಿಡಿಯಿತು. ಮೇಲೆ ಒಂದೇ ಸಾಲು, ಕೈಯುದ್ದ ದೂರದಿಂದ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಗಟ್ಟಿಯಾಗಿ ಓದಲೆಂದೇ ಬರೆದದ್ದು. 'ಕೆಳಗೆ, ಹಳ್ಳದ ಬ್ಲಾಕಿನಲ್ಲಿ, ಒಂದು.' ಅದರ ಕೆಳಗೆ ನಕ್ಷೆ, ಗುಡ್ಡ ಮೇಲೆ, ಹಳ್ಳ ಕೆಳಗೆ. ಹೆಸರುಗಳೆಲ್ಲ ಕಾಣುತ್ತವೆ, ಗಿಜಿಗುಡುತ್ತವೆ. ಹಳ್ಳ ಕಣ್ಣಿಗೆ ಹೊಡೆಯುವ ನೀಲಿ. ಎಲೆಯ ಹಸಿರನ್ನು ಬಿಡಲಾಗಲಿಲ್ಲ, ಅದರಿಂದ ಯಾರಿಗೂ ತೊಂದರೆಯಿಲ್ಲ ಎಂಬುದನ್ನು ಮೇಸ್ತ್ರಿಯ ಕೈಗೇ ಕೊಟ್ಟು ಮಂಜಿನಲ್ಲಿ ನೋಡಿಸಿ ಖಚಿತ ಮಾಡಿಕೊಂಡು ಉಳಿಸಿದೆ. ಆನೆಯ ಜಾಗದಲ್ಲಿ ಈಗ ಒಂದು ಕಪ್ಪು ಚುಕ್ಕಿ.

ಅದನ್ನು ಮೊದಲ ಸಲ ಕಣದಲ್ಲಿ ಓದಿದ ದಿನ ಹೆಂಗಸರು ಕೈಕಟ್ಟಿಕೊಂಡು ನಿಂತಿದ್ದರು. ಮೇಸ್ತ್ರಿ ಓದಿದರು. "ಮೇ...ಲೆ, ಬೋ...ರೆ ಬ್ಲಾಕು."

"ಇನ್ನೊಂದ್ ಸಲ" ಎಂದು ಮಾತಿಗೆ ಮುಂದಿರುವವಳು ಕೇಳಿದಳು.

ಓದಿದರು.

"ಚುಕ್ಕಿ ಇರೋ ಆ ತುದಿಗೆ ಬೋರೆ ಬ್ಲಾಕು ಅನ್ನಲ್ಲ, ಹಲಸಿನ ಮರದ ತಗ್ಗು ಅಂತಾರೆ" ಎಂದು ಹಿಂದಿನಿಂದ ಫೋನಿಗೆ ಇಣುಕಿ ಇನ್ನೊಬ್ಬಳು ಅಂದಳು. ಅದು ಸರಿ, ಅದು ತಪ್ಪು ಎಂದು ಅವರಲ್ಲೇ ಐದು ನಿಮಿಷ ವಾದವಾಯಿತು. ನಾನು ಹೆಸರು ತಿದ್ದಿಕೊಂಡೆ. ಆಮೇಲೆ ಮೇಸ್ತ್ರಿ ಕೆಳಗಿನ ದಾರಿ ಹಿಡಿದು ನಡೆದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೊರಟರು.

ಮೊದಲೆಲ್ಲ ಅವರಿಗೂ ಮೇಸ್ತ್ರಿಗೂ ನಡುವೆ ಐದಾರು ಹೆಜ್ಜೆ ಇರುತ್ತಿತ್ತು, ಮಾತಾಡುತ್ತಾ ಹೋಗುತ್ತಿದ್ದರು. ಆ ದಿನ ಕಣದ ಅಂಚಿನಲ್ಲಿ ನಿಂತು ನೋಡಿದಾಗ ನಲವತ್ತು ಹೆಜ್ಜೆಯಾದರೂ ಇತ್ತು. ಮೇಸ್ತ್ರಿ ತಿರುಗಿ ನೋಡಲಿಲ್ಲ, ನಡಿಗೆಯನ್ನು ನಿಧಾನ ಮಾಡಿದರು. ಅವರು ನಿಧಾನ ಮಾಡಿದಷ್ಟೂ ಹಿಂದಿನವರೂ ನಿಧಾನ ಮಾಡಿದರು. ಈಗ ಮಾರ್ಚ್, ಕೊಯ್ಲು ಮುಗಿಯುತ್ತಾ ಬಂದಿದೆ. ನಾನು ದಿನಾ ಹಾಜರಿ ಮುಗಿಸಿ ಅಲ್ಲೇ ನಿಂತು ನೋಡುತ್ತೇನೆ. ಈ ವಾರ ಸುಮಾರು ಹದಿನೈದು ಹೆಜ್ಜೆ.